ಮಸೂರವೂ ಒಬ್ಬ ಲಿಪಿಕಾರ

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸರು ತಮಗೆ ದೊರೆತ ಓಲೆಗರಿಗಳಿಗೆ ಕ, ಖ, ಗ ಎಂದು ಸಂಕೇತವಿಟ್ಟು, ಯಾವ ಪ್ರತಿ ಎಲ್ಲಿಯದು, ಎಷ್ಟು ಗರಿಗಳದ್ದು, ಎಲ್ಲೆಲ್ಲಿ ಹುಳು ಹಿಡಿದಿದೆ, ಅದರ ಲಿಪಿಕಾರನು ಯಾವ ಅಕ್ಷರಗಳಲ್ಲಿ ಎಡವುತ್ತಾನೆ ಎಂಬುದನ್ನೆಲ್ಲ ಪೀಠಿಕೆಯಲ್ಲಿ ನಿವೇದಿಸುತ್ತಾರೆ. ಈ ವಿವರವಿಲ್ಲದ ಸಂಪಾದನೆಯನ್ನು ಶಾಸ್ತ್ರೀಯವೆಂದು ಯಾರೂ ಒಪ್ಪುವುದಿಲ್ಲ. ಆದರೆ ಅದೇ ವಿದ್ವತ್ ಲೋಕವು ಶಾಸನದ, ಶಿಲ್ಪದ, ಹಾಡುಗಾರನ ಛಾಯಾಚಿತ್ರವನ್ನು ಆಕರವಾಗಿ ಬಳಸುವಾಗ 'ಚಿತ್ರ: ಲೇಖಕರು' ಎಂಬ ಎರಡು ಪದಗಳಿಗೇ ತೃಪ್ತವಾಗುತ್ತದೆ. ಛಾಯಾಚಿತ್ರವು ಕಂಡದ್ದನ್ನು ಕಂಡಂತೆ ಹೇಳುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ಎಷ್ಟು ದುರ್ಬಲವೆಂಬುದನ್ನು ಅರಿಯಬೇಕಾದರೆ ಕೈಯಾರೆ ತಯಾರಿಸಿದ ಮಸೂರವೊಂದನ್ನು ರೇಂಜ್‌ಫೈಂಡರ್ ಕ್ಯಾಮೆರಾದ ಮೇಲೆ ಕೂರಿಸಿ ನೋಡಬೇಕು.

ಐವತ್ತು ಮಿಲಿಮೀಟರ್ ಸಂಗಮದೂರದ, ಅತಿ ಹೆಚ್ಚು ಬೆಳಕನ್ನು ಒಳಬಿಡುವ 'ಫಾಸ್ಟ್ ಲೆನ್ಸ್'ಗಳ ಚರಿತ್ರೆ ಸ್ವಾರಸ್ಯಕರವಾದದ್ದು. ಲುಡ್ವಿಗ್ ಬರ್ಟೆಲೆ ರೂಪಿಸಿದ ಸೊನ್ನಾರ್ ಮಸೂರವು 1930ರ ದಶಕದಲ್ಲಿ ಜೈಸ್ ಸಂಸ್ಥೆಯ ಕಾಂಟ್ಯಾಕ್ಸ್ ಕ್ಯಾಮೆರಾದೊಂದಿಗೆ ಪ್ರಸಿದ್ಧವಾಯಿತು. 1966ರಲ್ಲಿ ಲೈಟ್ಜ್ ಸಂಸ್ಥೆಯು ಎಫ್/1.2ರ ನಾಕ್ಟಿಲಕ್ಸ್ ಅನ್ನು ಹೊರತಂದಾಗ ಅದರ ಗೋಳಾಕಾರವಲ್ಲದ ಮೇಲ್ಮೈಗಳನ್ನು ಕೈಯಿಂದ ಉಜ್ಜಿಯೇ ಸಿದ್ಧಪಡಿಸಬೇಕಾಗಿತ್ತು. ಒಂದು ದಶಕದೊಳಗೆ ಅದರ ಸ್ಥಾನಕ್ಕೆ ಮಾಮೂಲಿ ಗೋಳಾಕಾರದ ಗಾಜುಗಳ ಎಫ್/1 ಮಸೂರ ಬಂದಿತು. ನಮ್ಮ ಕಾಲದಲ್ಲಿ ಜಪಾನಿನ ಮಿಯಾಜಾಕಿ ಸದಾಯಸು ತಮ್ಮ ಪುಟ್ಟ ಕಾರ್ಯಾಗಾರದಲ್ಲಿ ಸೊನ್ನಾರ್ ಪರಂಪರೆಯ ಎಫ್/1.1 ಸೊನ್ನೆಟಾರ್ ಮುಂತಾದ ಮಸೂರಗಳನ್ನು ಸಣ್ಣ ಸಣ್ಣ ಸಂಖ್ಯೆಯಲ್ಲಿ ತಯಾರಿಸಿದ್ದಾರೆ. ಕೈಯಾರೆ ಹೊಂದಿಸಿದ ಮಸೂರಗಳಲ್ಲಿ ಒಂದು ಮತ್ತೊಂದರ ಪಡಿಯಚ್ಚಾಗಿರುತ್ತದೆಂದು ಹೇಳಲಾಗದು. ಒಂದೇ ಕಾವ್ಯದ ಎರಡು ಓಲೆಪ್ರತಿಗಳೂ ಹಾಗೆಯೇ ಅಲ್ಲವೆ?

ರೇಂಜ್‌ಫೈಂಡರಿನ ಸ್ವಭಾವವನ್ನೂ ಇಲ್ಲಿ ತಿಳಿಯಬೇಕು. ಇದರಲ್ಲಿ ಛಾಯಾಗ್ರಾಹಕನು ಮಸೂರದ ಮೂಲಕ ನೋಡುವುದೇ ಇಲ್ಲ. ಪಕ್ಕದ ಕಿಂಡಿಯೊಂದರಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿಸಿದಾಗ ದೂರ ನಿಶ್ಚಯವಾಗುತ್ತದೆ. ಮಸೂರ ಆ ದೂರಕ್ಕೆ ಯಾಂತ್ರಿಕವಾಗಿ ಹೊಂದಿಕೊಳ್ಳುತ್ತದೆ. ಕಿಂಡಿಯಲ್ಲಿ ಎಲ್ಲವೂ ಸ್ಪಷ್ಟ. ಬಿಂಬದಲ್ಲಿ ಮಾತ್ರ ಹಾಗಿಲ್ಲ. ಎಫ್/1.1ರಲ್ಲಿ ಒಂದು ಮೀಟರ್ ದೂರದ ವಸ್ತುವಿಗೆ ದೊರೆಯುವ ಸ್ಪಷ್ಟತೆಯ ಆಳ ಸುಮಾರು ಎರಡೂವರೆ ಸೆಂಟಿಮೀಟರ್. ಎರಡು ಮೀಟರಿಗೆ ಹತ್ತು ಸೆಂಟಿಮೀಟರ್. ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು. ಸೊನ್ನಾರ್ ಪರಂಪರೆಯ ಮಸೂರಗಳಲ್ಲಿ ಇನ್ನೊಂದು ತೊಡಕು: ರಂಧ್ರವನ್ನು ಕಿರಿದು ಮಾಡಿದಂತೆ ಸ್ಪಷ್ಟತೆಯ ಸ್ಥಾನವೇ ತುಸು ಸರಿಯುತ್ತದೆ. ಮಸೂರದ ಮೂಲಕ ನೋಡದ ಕ್ಯಾಮೆರಾದಲ್ಲಿ ಈ ಸರಿತ ಯಾರ ಗಮನಕ್ಕೂ ಬಾರದು. ಆದ್ದರಿಂದ ಇಂಥ ಮಸೂರವನ್ನು ಕೊಂಡವರು ಮೊದಲು ಮಾಡಬೇಕಾದ ಕೆಲಸ ಓರೆಯಾಗಿ ಇಟ್ಟ ಪತ್ರಿಕೆಯ ಪುಟವೊಂದರ ನಡುಸಾಲಿಗೆ ದೂರ ಹೊಂದಿಸಿ, ಬೇರೆ ಬೇರೆ ರಂಧ್ರಗಳಲ್ಲಿ ಚಿತ್ರ ತೆಗೆದು, ನಿಜವಾಗಿ ಸ್ಪಷ್ಟವಾದ ಸಾಲು ಯಾವುದೆಂದು ನೋಡುವುದು. ಲಿಪಿಕಾರನ ಕೈಬರಹದ ಅಭ್ಯಾಸ ಮಾಡಿಕೊಳ್ಳುವುದೆಂದರೆ ಇದೇ.

ಎಡೆದೊರೆ ನಾಡಿನ ಶಾಸನಗಳಿಗೆ ಈ ಮಸೂರ ತಕ್ಕುದೇ? ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲದಲ್ಲಿ ಬೆಳಕಿಗೆ ಬರವಿಲ್ಲ. ರಾಯಚೂರಿನ ಬಿಸಿಲು ಗಾದೆಯ ಮಾತಾಗಿದೆ. ಆದರೂ ಬರಹವಿರುವ ಎಡೆಗಳಲ್ಲಿ ನೆರಳೇ ಹೆಚ್ಚು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನ, 'ದೇವಾನಾಂಪ್ರಿಯ'ನು ಅಶೋಕನೇ ಎಂದು ಹೆಸರು ಹೇಳಿ ಚರಿತ್ರಕಾರರ ಸಂದೇಹವನ್ನು ಪರಿಹರಿಸಿದ ಆ ಎಂಟು ಸಾಲು, ಬಂಡೆಯ ಮೈಮೇಲಿದೆ. ಬಂಡೆಯ ಮೈ ಪುಸ್ತಕದ ಪುಟದಂತೆ ಸಮತಟ್ಟಲ್ಲ; ಚಕ್ಕೆ ಎದ್ದಿದೆ, ಸವೆದಿದೆ. ಇಂಥಲ್ಲಿ ಮಸೂರವನ್ನು ಪೂರ್ತಿ ತೆರೆದು ತೆಗೆದ ಚಿತ್ರ ನೋಡಲು ಗಂಭೀರವಾಗಿರಬಹುದು, ಓದಲು ಬಾರದು. ಒಂದೆಡೆ ಅಕ್ಷರ ಎದ್ದು ಕಾಣುತ್ತದೆ, ಅಂಚಿನಲ್ಲಿ ಅದು ಕಲೆಯೋ ಗೀರೋ ತಿಳಿಯದು. ಕನ್ನಡ ಶಾಸನಗಳ ಮಾತು ಬಂದರಂತೂ ಒಂದು ಬಿಂದು ಇದೆಯೋ ಇಲ್ಲವೋ ಎಂಬುದರಿಂದಲೇ ಪಾಠ ಬದಲಾಗುತ್ತದೆ. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳದ ಶಾಸನಗಳನ್ನು ಓದುವವರಿಗೆ ಇದು ಹೊಸ ಮಾತಲ್ಲ. ಕಾಳುಗಾತ್ರದ ಬಿಂದುವನ್ನು ಮಸುಕಿನಲ್ಲಿ ಮುಳುಗಿಸಿದ ಚಿತ್ರವು ಬಿಂದುವನ್ನು ಬಿಟ್ಟು ಬರೆದ ಲಿಪಿಕಾರನಷ್ಟೇ ಅಪಾಯಕಾರಿ.

ಕಲ್ಲು ಓಡಿಹೋಗುವುದಿಲ್ಲ. ಎಫ್/1.1ರಲ್ಲಿ ಸೆಕೆಂಡಿನ ಅರುವತ್ತನೆಯ ಒಂದು ಭಾಗ ಸಾಕಾಗುವ ಬೆಳಕಿನಲ್ಲಿ, ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ ಎಫ್/8ರಲ್ಲಿ ಸುಮಾರು ಒಂದು ಸೆಕೆಂಡು ಕಾದರೆ ಎಲ್ಲ ಸಾಲುಗಳೂ ದೊರೆಯುತ್ತವೆ. ಓರೆಯಾಗಿ ಬೀಳುವ ಬಿಸಿಲಿಗೆ ಕಾಯುವುದು, ಇಲ್ಲವೇ ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸುವುದು ಯಾವ ದುಬಾರಿ ಮಸೂರಕ್ಕಿಂತಲೂ ಹೆಚ್ಚು ಫಲ ಕೊಡುವ ಉಪಾಯ. ಶಾಸನತಜ್ಞರು ಕಾಗದವನ್ನು ಕಲ್ಲಿಗೊತ್ತಿ ತೆಗೆಯುವ ಅಚ್ಚುಪ್ರತಿಯನ್ನು ಇನ್ನೂ ಕೈಬಿಡದಿರುವುದಕ್ಕೂ ಕಾರಣವಿದೆ: ಅದಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ.

ಹಾಗಾದರೆ ಈ ಮಸೂರ ಬರಿಯ ಷೋಕಿಯ ವಸ್ತುವೇ ಎಂದರೆ, ಅಲ್ಲ. ಅದರ ನಿಜವಾದ ನೆಲೆ ರಾತ್ರಿ. ಗಿಲ್ಲೆಸುಗೂರಿನಂಥ ಊರಿನ ಗುಡಿಯಲ್ಲಿ ಒಂದೇ ಬಲ್ಬಿನ ಕೆಳಗೆ ನಡೆಯುವ ಭಜನೆ, ಏಕತಾರಿ ಹಿಡಿದ ತತ್ವಪದಕಾರರ ಕೂಟ, ಮುದಗಲ್ಲಿನ ಮೊಹರಂ ರಾತ್ರಿಯ ಪದಗಳು ಇವನ್ನು ಮುಕ್ಕಾಲಿಯಿಟ್ಟು ಒಂದು ಸೆಕೆಂಡು ನಿಲ್ಲಿಸಲಾಗದು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಬಾಳಿದ ಈ ಸೀಮೆಯಲ್ಲಿ ಸಾಹಿತ್ಯವು ಇಂದಿಗೂ ಗ್ರಂಥದಲ್ಲಿರುವಷ್ಟೇ ಕೊರಳಿನಲ್ಲಿಯೂ ಇದೆ. ಫ್ಲಾಶ್ ಹೊಡೆದರೆ ಹಾಡು ತಡೆಯುತ್ತದೆ, ಮುಖಗಳು ಸುಣ್ಣ ಬಳಿದಂತಾಗುತ್ತವೆ. ಸದ್ದಿಲ್ಲದ ಪುಟ್ಟ ರೇಂಜ್‌ಫೈಂಡರ್ ಮತ್ತು ಎಫ್/1.1 ಅಲ್ಲಿಗೆ ಹೇಳಿಮಾಡಿಸಿದ ಜೋಡಿ.

ಆಕ್ಷೇಪವೂ ಹುಟ್ಟುವುದು ಅಲ್ಲಿಯೇ. ಪೂರ್ತಿ ತೆರೆದ ಮಸೂರ ಹಾಡುಗಾರನ ಕಣ್ಣನ್ನು ಉಳಿಸಿಕೊಂಡು ಉಳಿದೆಲ್ಲವನ್ನೂ ಕರಗಿಸುತ್ತದೆ. ದಮ್ಮಡಿ ಹಿಡಿದವನು, ಹಿಂದೆ ಸೊಲ್ಲು ಎತ್ತುವವರು, ಕಂಬಕ್ಕೊರಗಿ ಕೇಳುತ್ತಿರುವ ಮುದುಕಿ ಎಲ್ಲರೂ ಹೊಗೆಯಾಗುತ್ತಾರೆ. ಚಿತ್ರವು ಒಬ್ಬ ಏಕಾಂತ ಯೋಗಿಯನ್ನು ಸೃಷ್ಟಿಸುತ್ತದೆ; ತತ್ವಪದವಾದರೋ ಸೊಲ್ಲಿಗೆ ಸೊಲ್ಲು ಕೂಡಿಸುವ ಗುಂಪಿನ ಹಾಡು. ಅನುಭಾವವೆಂದರೆ ಒಂಟಿತನವೆಂದು ಮೊದಲೇ ನಂಬಿರುವ ವಿಮರ್ಶಕನಿಗೆ ಇಂಥ ಚಿತ್ರ ಸುಲಭವಾದ ಸಾಕ್ಷಿಯಾಗಿಬಿಡುತ್ತದೆ. ಆ ಮಸುಕಿನ ಸೊಬಗನ್ನು ಹೊಗಳುವವರು ಅದು ಯಾರನ್ನು ಅಳಿಸಿತೆಂದು ಕೇಳುವುದು ಕಡಿಮೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರು ತೆಗೆದ ಜನಸಾಮಾನ್ಯರ ಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಅಲ್ಲಿ ಮನುಷ್ಯನೊಂದಿಗೆ ಅವನ ಬೀದಿಯೂ ಮನೆಯೂ ಇರುತ್ತವೆ. ಮೂರು ಮೀಟರಿನಷ್ಟು ಹಿಂದೆ ಸರಿದರೆ ಎಫ್/1.1ರಲ್ಲಿಯೂ ಒಂದು ಗೇಣಿಗೆ ಮಿಕ್ಕಿ ಸ್ಪಷ್ಟತೆ ಸಿಗುತ್ತದೆ. ಆ ಪಟ್ಟಿಯೊಳಗೆ ಇಬ್ಬರು ಮೂವರು ಒಟ್ಟಿಗೆ ಕೂರಬಲ್ಲರು. ಹತ್ತಿರ ಹೋಗುವ ಮೋಹವನ್ನು ಬಿಡುವುದಷ್ಟೇ ಕಷ್ಟ.

ಮೊಬೈಲ್ ಇರುವಾಗ ಇದೆಲ್ಲ ಏಕೆಂದು ಕೇಳುವವರೂ ಇದ್ದಾರೆ. ಮಂದ ಬೆಳಕಿನಲ್ಲಿ ಮೊಬೈಲು ಹಲವು ಬಿಂಬಗಳನ್ನು ಬೆರೆಸಿ, ಅಂಚುಗಳನ್ನು ತೀಡಿ, ಒರಟುತನವನ್ನು ನುಣುಪುಗೊಳಿಸಿ ಕೊಡುತ್ತದೆ. ಅದು ತಪ್ಪು ಬರೆಯುವ ಲಿಪಿಕಾರನಲ್ಲ, ತನಗೆ ತಿಳಿಯದ ಕಡೆ ತಾನೇ ತಿದ್ದಿಬಿಡುವ ಪಂಡಿತ ಲಿಪಿಕಾರ. ಇವರಿಬ್ಬರಲ್ಲಿ ಯಾರು ಹೆಚ್ಚು ಕಾಟ ಕೊಡುತ್ತಾರೆಂಬುದು ಗ್ರಂಥಸಂಪಾದಕರಿಗೆ ಗೊತ್ತು. ಕೈಯಾರೆ ಮಾಡಿದ ಮಸೂರದ ದೋಷ ಇದಕ್ಕಿಂತ ಪ್ರಾಮಾಣಿಕವಾದದ್ದು. ನಾಲ್ಕು ತಿಂಗಳು ಬಳಸಿದವರಿಗೆ ಅದು ಎಲ್ಲಿ ಹೇಗೆ ತಪ್ಪುತ್ತದೆಂಬುದು ಕೈಗೆ ಹತ್ತುತ್ತದೆ.

ಸಂಶೋಧನ ಪ್ರಬಂಧಗಳ ಅನುಬಂಧದಲ್ಲಿ ಹತ್ತಾರು ಚಿತ್ರಗಳನ್ನು ಸೇರಿಸುವ ವಿದ್ಯಾರ್ಥಿಗಳು ಪ್ರತಿಯೊಂದರ ಕೆಳಗೆ ಒಂದು ಸಾಲು ಹೆಚ್ಚು ಬರೆಯಬೇಕು: ಮಸೂರ ಯಾವುದು, ರಂಧ್ರ ಎಷ್ಟು, ದೂರ ಎಷ್ಟು, ಬೆಳಕು ಯಾವ ಕಡೆಯಿಂದ ಯಾವ ಹೊತ್ತಿನಲ್ಲಿ ಬಂದದ್ದು, ಚಿತ್ರವನ್ನು ಆಮೇಲೆ ತಿದ್ದಲಾಗಿದೆಯೇ ಎಂಬುದು. ಹಾಡಿನ ಕೂಟದ ಚಿತ್ರವಾದರೆ ಮಸುಕಿನಲ್ಲಿ ಕುಳಿತವರ ಹೆಸರುಗಳನ್ನೂ, ಅವರ ಒಪ್ಪಿಗೆ ಪಡೆದು, ಅಲ್ಲಿಯೇ ಬರೆಯಬೇಕು. ಮಾರ್ಗದರ್ಶಕರು ಓಲೆಪ್ರತಿಯ ವಿವರವಿಲ್ಲದ ಅಧ್ಯಾಯವನ್ನು ಹಿಂದಿರುಗಿಸುವಂತೆ ಈ ಸಾಲಿಲ್ಲದ ಚಿತ್ರವನ್ನೂ ಹಿಂದಿರುಗಿಸಬಹುದು.