ಉಪ್ಪನ ಕೈಯಿಂದ ಕೀ ತೆಗೆದುಕೊಳ್ಳುವವರು ಯಾರು?

ಮೊನ್ನೆ ಅಸರ್ ನಮಾಝ್ ಮುಗಿಸಿ ಹೊರಬಂದಾಗ ಯುವಕನೊಬ್ಬ ನಮ್ಮನ್ನು ಪಕ್ಕಕ್ಕೆ ಕರೆದ. "ಉಸ್ತಾದ್‌ರೇ, ನೀವಾದ್ರೂ ಅಬ್ಬಾಗ ಹೇಳ್ರಿ. ಗಾಡಿ ಬಿಡ್ರಿ ಅಂದ್ರ ನಮ್ಮ ಮ್ಯಾಲ ಸಿಟ್ಟಾಗ್ತಾರ" ಎಂದ. ತಂದೆಗೆ ಎಪ್ಪತ್ತು ದಾಟಿದೆ. ಮರೆವಿನ ಕಾಯಿಲೆ ಎಂದು ಡಾಕ್ಟರ್ ಹೇಳಿಯಾಗಿದೆ. ಸೇಡಂಗೆ ಬೈಕಿನಲ್ಲಿ ಹೊರಟವರು ಎರಡು ಸಲ ದಾರಿ ತಪ್ಪಿದ್ದಾರೆ.

ನಾವು ಮಕ್ಕಳಿಗೆ ಓದಿಸುವ ಈ ಕೋಡ್ಲಾ, ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಊರು. ಕೋಡ್ಲಾ, ಸೇಡಂ, ಮಳಖೇಡ ಎಲ್ಲ ಕಡೆ ಸಿಮೆಂಟ್ ಕಾರ್ಖಾನೆಗಳು. ರಸ್ತೆ ತುಂಬ ಲಾರಿ, ಬಲ್ಕರ್. ಇಲ್ಲಿ ಬ್ರೇಕ್ ಎಲ್ಲಿದೆ ಎಂದು ಒಂದು ಕ್ಷಣ ಮರೆತರೂ ಸಾಕು, ಹೋಗುವುದು ಒಂದೇ ಜೀವ ಆಗಿರಲಿಕ್ಕಿಲ್ಲ.

ಇದು ಕೋಡ್ಲಾದ ಕಥೆ ಮಾತ್ರ ಅಲ್ಲ. ನಮ್ಮ ಕರಾವಳಿಯಲ್ಲಿ ಮಕ್ಕಳು ಗಲ್ಫ್‌ನಲ್ಲಿ, ಮನೆಯ ಸ್ಕೂಟರ್ ಮತ್ತು ಕಾರು ಉಪ್ಪನ ಕೈಯಲ್ಲಿ. ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ, ಅಂದರೆ ಶೇ. 7.4ರಷ್ಟು ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ.

ಕಾನೂನು ಏನು ಹೇಳುತ್ತದೆ? 2019ರ ತಿದ್ದುಪಡಿಯ ನಂತರ, 55 ದಾಟಿದವರ ಲೈಸೆನ್ಸ್ ಒಮ್ಮೆ ನವೀಕರಿಸಿದರೆ ಐದು ವರ್ಷ ನಡೆಯುತ್ತದೆ. ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು, ನಿಜ. ಆದರೆ ಕೆಲವೇ ನಿಮಿಷದ ತಪಾಸಣೆಯಲ್ಲಿ ಕಣ್ಣು, ಕಿವಿಯ ದೋಷ ತಿಳಿದೀತು, ಆರಂಭದ ಮರೆವು ತಿಳಿಯುವುದು ಕಷ್ಟ. ಜಪಾನಿನಲ್ಲಿ 75 ದಾಟಿದವರು ನವೀಕರಣದ ವೇಳೆ ನೆನಪಿನ ಪರೀಕ್ಷೆಯನ್ನೂ ಕೊಡಬೇಕು. ನಮ್ಮಲ್ಲಿ ಹಾಗಿಲ್ಲ. ಮೋಟಾರು ವಾಹನ ಕಾಯ್ದೆ 1988ರ 16ನೇ ಸೆಕ್ಷನ್ ಪ್ರಕಾರ, ಕಾಯಿಲೆಯಿಂದ ಓಡಿಸಲು ಅಸಮರ್ಥರಾದವರ ಲೈಸೆನ್ಸನ್ನು ಆರ್‌ಟಿಒ ಯಾವಾಗ ಬೇಕಾದರೂ ರದ್ದು ಮಾಡಬಹುದು. ಆದರೆ ಮನೆಯವರು ಬಾಯಿ ಬಿಡದೆ ಆ ಕಚೇರಿಗೆ ತಿಳಿಯುವುದು ಹೇಗೆ? ಕಾಯಿಲೆ ಐದು ವರ್ಷ ಕಾಯುವುದಿಲ್ಲ. ಹಾಗಾಗಿ ಹೊಣೆ ಮನೆಯವರ ಮೇಲೆಯೇ ಬರುತ್ತದೆ.

ಅಲ್ಲಿ ನಮ್ಮನ್ನು ತಡೆಯುವುದು ಅದಬು. ಹೆತ್ತವರ ಮನಸ್ಸು ನೋಯಿಸಬಾರದು ಎಂದು ಮದ್ರಸದಲ್ಲಿ ಕಲಿಸುವವರು ನಾವೇ. ಆದರೆ ಬುದ್ಧಿ ಮಂಕಾದವರ ಮೇಲೆ ಶರೀಅತ್ ಹೊರೆ ಹೊರಿಸುವುದಿಲ್ಲ ಎಂಬುದನ್ನೂ ನಾವೇ ಕಲಿಸುತ್ತೇವೆ. ಹಾಗಿದ್ದ ಮೇಲೆ ಅವರು ಯಾರಿಗಾದರೂ ಗುದ್ದಿದರೆ, ಗೊತ್ತಿದ್ದೂ ಕೀ ಕೊಟ್ಟ ಮಗ ಏನು ಉತ್ತರ ಕೊಡುತ್ತಾನೆ? ಗೌರವದ ಹೆಸರಿನಲ್ಲಿ ಸುಮ್ಮನಿರುವುದು ಗೌರವ ಅಲ್ಲ.

ವಾದ ಮಾಡಿ ಪ್ರಯೋಜನವಿಲ್ಲ. ಇವತ್ತು ಒಪ್ಪಿದ್ದನ್ನು ಅವರು ನಾಳೆ ಮರೆತು ಮತ್ತೆ ಕೀ ಕೇಳುತ್ತಾರೆ. ಗಾಡಿಯನ್ನೇ ಅಂಗಳದಿಂದ ಸಾಗಿಸಿ, ಕಣ್ಣಿಗೆ ಕಾಣದಿದ್ದರೆ ಕೇಳುವುದೂ ಕಡಿಮೆ. "ಬೇಡ" ಎಂಬ ಮಾತು ಮಗನಿಗಿಂತ ಡಾಕ್ಟರ ಬಾಯಿಂದ ಬಂದರೆ ಒಳ್ಳೆಯದು. ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಮದ್ದಿದೆ, ಮೊದಲು ಪರೀಕ್ಷೆ ಮಾಡಿಸಿ. ನಿಮ್ಹಾನ್ಸ್ ಜೊತೆ ಸೇರಿ ಸರಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಆರಂಭಿಸಿದೆ. ಟೆಲಿಮಾನಸ್ 14416, ಹಿರಿಯರ ಸಹಾಯವಾಣಿ 14567.

ಕೀ ತೆಗೆದುಕೊಂಡರೆ ಅರ್ಧ ಕೆಲಸ ಮಾತ್ರ ಆಯಿತು. ಆ ಗಾಡಿ ಅವರನ್ನು ಜುಮಾಕ್ಕೆ, ಸಂತೆಗೆ, ಗೆಳೆಯರ ಬಳಿಗೆ ಒಯ್ಯುತ್ತಿತ್ತು. ಅದನ್ನು ನಿಲ್ಲಿಸಿ ಬೇರೇನೂ ಕೊಡದಿದ್ದರೆ ಮನೆಯೇ ಜೈಲು. ದಿನಕ್ಕೊಂದು ಸಲ ಹಿಂದೆ ಕೂರಿಸಿಕೊಂಡು ಹೋಗಲು ಒಬ್ಬರು ಬೇಡವೇ? ಮಕ್ಕಳು ದೂರದಲ್ಲಿದ್ದರೆ ಆ ಕೆಲಸ ನೆರೆಯವರದ್ದು, ಜಮಾಅತಿನದ್ದು.

ಆ ಯುವಕನ ಮನೆಗೆ ನಾವು ಹೋದೆವು. "ಗಾಡಿ ಬಿಡಿ" ಎಂದು ಹೇಳಲಿಲ್ಲ. "ಶುಕ್ರವಾರ ನಮ್ಮ ಜೊತೆ ಮಸೀದಿಗೆ ಬರ್ತೀರಾ ಚಾಚಾ?" ಎಂದು ಕೇಳಿದೆವು. ಬಂದರು. ಮುಂದಿನ ಶುಕ್ರವಾರವೂ ಹೋಗಿ ಕರೆಯಬೇಕು, ಅವರಿಗೆ ನೆನಪಿರುವುದಿಲ್ಲ.