ರಕ್ತದ ಮಿತವ್ಯಯ

ಶಸ್ತ್ರಚಿಕಿತ್ಸೆಯೆಂದೊಡನೆ ರೋಗಿಯ ಬಂಧುಗಳು ರಕ್ತದಾನಿಗಳನ್ನರಸುತ್ತ ಅಲೆಯುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ರೋಗಿಯ ಸ್ವಂತ ರಕ್ತವನ್ನುಳಿಸುವ ಯತ್ನವು ಮೊದಲು ನಡೆಯಬೇಡವೆ? ಮತನಿಷ್ಠೆಯಿಂದ ಪರರಕ್ತವನ್ನೊಲ್ಲದ ಯೆಹೋವನ ಸಾಕ್ಷಿಗಳೆಂಬ ಪಂಥದವರಿಗೆ ಅದಿಲ್ಲದೆಯೇ ನಡೆಸಿದ 542 ಶಸ್ತ್ರಕ್ರಿಯೆಗಳ ವರದಿಯನ್ನು ಅಮೆರಿಕದ ಹೃದಯವೈದ್ಯ ಡೆಂಟನ್ ಕೂಲಿಯವರು 1977ರಲ್ಲಿಯೇ ಪ್ರಕಟಿಸಿದ್ದರು. ಸೋರಿದ ರಕ್ತವನ್ನು ತೊಳೆದು ಮರಳಿ ನೀಡುವ ಯಂತ್ರಗಳೂ ಉಂಟು, ಅವು ದುಬಾರಿ. ಕಬ್ಬಿಣಾಂಶದ ಔಷಧವಾದರೋ ಬಡವರಿಗೂ ಎಟುಕತಕ್ಕದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಅವಸರವಿಲ್ಲದ ಶಸ್ತ್ರಕ್ರಿಯೆಗೂ ಇಂಥವರನ್ನು ಹಾಗೆಯೇ ಮೇಜಿನ ಮೇಲೆ ಮಲಗಿಸುವುದು ಯಾವ ನ್ಯಾಯ? ದಿನ ಗೊತ್ತುಪಡಿಸುವ ಮುನ್ನವೇ ರಕ್ತಪರೀಕ್ಷೆ ಮಾಡಿಸಿ, ಕಬ್ಬಿಣಾಂಶದ ಕೊರತೆ ಕಂಡಲ್ಲಿ ಮೊದಲು ಅದನ್ನು ನೀಗಿಸತಕ್ಕದ್ದೆಂದು ಆರೋಗ್ಯ ಇಲಾಖೆಯವರು ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಆಜ್ಞೆ ಹೊರಡಿಸಲಿ.