ಗೃಹಶಿಕ್ಷಣವೂ ಸರಕಾರದ ಹೊಣೆಯೂ

ಶಾಲೆಯ ಹೊರಗಿರುವ ಮಕ್ಕಳ ಎಣಿಕೆ ನಮ್ಮ ರಾಜ್ಯದಲ್ಲಿ ಆಗಾಗ ನಡೆಯುವುದು ವಾಚಕರಿಗೆ ತಿಳಿದ ವಿಷಯ. 2013ರಲ್ಲಿ ಉಚ್ಚ ನ್ಯಾಯಾಲಯವು ತಾನಾಗಿಯೇ ಈ ಮಕ್ಕಳ ವಿಚಾರವನ್ನು ಕೈಗೆತ್ತಿಕೊಂಡ ಮೇಲೆ ಅಧಿಕಾರಿಗಳು ಈ ಕೆಲಸಕ್ಕೆ ಹಿಂದಿಗಿಂತ ಹೆಚ್ಚಿನ ಗಮನವನ್ನು ಕೊಡುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಇಟ್ಟಿಗೆಯ ಗೂಡಿನಲ್ಲಿ ಮಣ್ಣು ಹೊರುವ ಹುಡುಗನೂ, ತಾಯಿಯ ಎದುರಿಗೆ ಕುಳಿತು ಲೆಕ್ಕವನ್ನೂ ವ್ಯಾಕರಣವನ್ನೂ ಕ್ರಮವಾಗಿ ಕಲಿಯುತ್ತಿರುವ ಹುಡುಗಿಯೂ "ಶಾಲೆಯ ಹೊರಗಿನ ಮಗು" ಎಂಬ ಒಂದೇ ಮಾತಿನೊಳಗೆ ಅಡಕವಾಗಿಬಿಡುತ್ತಾರೆ. ಮೊದಲನೆಯವನಿಗೆ ಬೇಕಾದುದು ರಕ್ಷಣೆ; ಎರಡನೆಯವಳಿಗೆ ಬೇಕಾದುದು ಆಸರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆಂಬುದೇ ಇಂದು ನಾವು ಪ್ರತಿಪಾದಿಸಬೇಕೆಂದಿರುವ ಮಾತು.

ಗೃಹಶಿಕ್ಷಣವೆಂದರೆ ಶಾಲೆ ಬಿಟ್ಟ ಮೇಲೆ ಸಂಜೆಯ ಹೊತ್ತು ನಡೆಯುವ ಮನೆಪಾಠವಲ್ಲ. ಮಗುವನ್ನು ಶಾಲೆಗೆ ಸೇರಿಸದೆ, ತಾಯಿತಂದೆಗಳೇ ಮುಂದೆ ನಿಂತು ಅದರ ವಿದ್ಯಾಭ್ಯಾಸದ ಸಂಪೂರ್ಣ ಭಾರವನ್ನು ಹೊರುವುದಕ್ಕೆ ಈ ಹೆಸರು. ಬೆಂಗಳೂರಿನಂಥ ನಗರಗಳಲ್ಲಿ ಇಂಥ ಕುಟುಂಬಗಳು ಈಗ ವಿರಳವಲ್ಲ. ಕೆಲವರ ಮಕ್ಕಳು ದೀರ್ಘಕಾಲದ ಕಾಯಿಲೆಯವರು; ಕೆಲವರು ಉದ್ಯೋಗದ ನಿಮಿತ್ತ ಊರಿಂದೂರಿಗೆ ವರ್ಗವಾಗುತ್ತಿರುವವರು; ಕೆಲವರ ಮಕ್ಕಳು ಸಂಗೀತಕ್ಕೋ ಆಟಕ್ಕೋ ದಿನದ ಬಹುಭಾಗವನ್ನು ಮುಡುಪಾಗಿಟ್ಟವರು; ಮತ್ತೆ ಕೆಲವರು ಅಂಕಗಳ ಓಟವನ್ನು ಕಂಡು ಬೇಸತ್ತವರು. ಕಾರಣವೇನೇ ಇರಲಿ, ಇವರಲ್ಲಿ ಬಹುಮಂದಿ ಮಕ್ಕಳ ಹಿತವನ್ನೇ ಚಿಂತಿಸುವವರೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಕಾಯಿದೆ ಏನು ಹೇಳುತ್ತದೆ ಎಂಬುದನ್ನು ನೋಡೋಣ. 2002ರ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೆ ತರಲು ರಚಿತವಾದ 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಆಚರಣೆಗೆ ಬಂದಿತು. ಅದರ 10ನೆಯ ಕಲಮಿನ ಮೇರೆಗೆ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಾಯಿತಂದೆಗಳ ಕರ್ತವ್ಯ. ಆದರೆ ಆ ಕರ್ತವ್ಯವನ್ನು ನೆರವೇರಿಸದ ಪೋಷಕರಿಗೆ ಆ ಕಾಯಿದೆಯಲ್ಲಿ ಯಾವ ದಂಡನೆಯನ್ನೂ ವಿಧಿಸಿಲ್ಲ. ಮನೆಯಲ್ಲೇ ಕಲಿಸಬಹುದೆಂದು ಸಾಮಾನ್ಯ ಮಕ್ಕಳ ಬಗ್ಗೆ ಅದು ಎಲ್ಲಿಯೂ ಹೇಳಿಲ್ಲ. ಕಲಿಸಕೂಡದೆಂದೂ ಬಾಯಿಬಿಟ್ಟು ಹೇಳಿಲ್ಲ. ಈ ಮೌನದ ಫಲವೇನಾಗಿದೆ? ತಾಯಿತಂದೆಗಳು ತಾವು ತಪ್ಪಿತಸ್ಥರೋ ಅಲ್ಲವೋ ಎಂದು ತಿಳಿಯದೆ ಅಧಿಕಾರಿಗಳ ಕಣ್ಣಿಗೆ ಬೀಳದಂತಿರಲು ನೋಡುತ್ತಾರೆ. ಅಧಿಕಾರಿಗಳಾದರೋ ಯಾವ ವಿಧಿಯೂ ಇಲ್ಲದಿರುವುದರಿಂದ ಒಬ್ಬರು ಗದರಿಸುತ್ತಾರೆ, ಮತ್ತೊಬ್ಬರು ಕಣ್ಣುಮುಚ್ಚುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯಂತೆ ನಡುವೆ ಸಿಕ್ಕುವುದು ಮಗು.

ಮನೆಯೂ ಕಲಿಕೆಯ ಸ್ಥಾನವಾಗಬಹುದೆಂಬ ತತ್ತ್ವವು ಸರಕಾರಕ್ಕೆ ಹೊಸದೇನೂ ಅಲ್ಲ. 2012ರಲ್ಲಿ ಇದೇ ಕಾಯಿದೆಯನ್ನು ತಿದ್ದಿ, ತೀವ್ರ ಅಂಗವೈಕಲ್ಯವುಳ್ಳ ಮಕ್ಕಳು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದೆಂದು ಶಾಸನ ಮಾಡಿದರು. ನಮ್ಮ ತಾಲ್ಲೂಕುಗಳಲ್ಲಿ ಇದಕ್ಕೆಂದೇ ನೇಮಕವಾದ ಸಂಪನ್ಮೂಲ ಶಿಕ್ಷಕರು ಅಂಥ ಮಕ್ಕಳ ಮನೆಗೆ ಹೋಗಿ ಪಾಠ ಹೇಳುವ ಏರ್ಪಾಡೂ ಇದೆ. ಅಂಥ ಮಕ್ಕಳನ್ನು ಇತರ ಮಕ್ಕಳಿಗೆ ಸಮಾನರಾಗಿಯೇ ಕಾಣಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಹೇಳಿದೆ. ಅದೇ 2020ರಲ್ಲಿ ಮಹಾವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದಾಗ ನಾಡಿನ ಪ್ರತಿಯೊಂದು ಮನೆಯೂ ಪಾಠಶಾಲೆಯಾಗಬೇಕಾಯಿತು. ವಿದ್ಯಾಗಮವೆಂಬ ಹೆಸರಿನಲ್ಲಿ ಉಪಾಧ್ಯಾಯರು ಮರದ ನೆರಳಿಗೂ ಗುಡಿಯ ಜಗಲಿಗೂ ಬಂದು ಪಾಠ ಹೇಳಿದ್ದನ್ನು ನಮ್ಮ ಗ್ರಾಮವಾಸಿಗಳು ಮರೆತಿಲ್ಲ. ಆಪತ್ಕಾಲದಲ್ಲಿ ಮನೆಯನ್ನು ನಂಬಿದ ಸರಕಾರವು ಸಾಮಾನ್ಯ ಕಾಲದಲ್ಲಿ ಅದರ ಕಡೆಗೆ ಮುಖ ತಿರುಗಿಸುವುದು ಯುಕ್ತವೇ?

ಹೀಗೆಂದ ಮಾತ್ರಕ್ಕೆ ನಾವು ಕಡ್ಡಾಯ ಶಿಕ್ಷಣದ ಕಟ್ಟನ್ನು ಸಡಿಲಿಸಬೇಕೆಂದು ವಾದಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು. ಆ ಕಟ್ಟು ನಮಗೆ ಸುಲಭವಾಗಿ ದೊರೆತುದಲ್ಲ. ಬಡೋದೆಯ ಸಯಾಜಿರಾವ್ ಮಹಾರಾಜರು 1906ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದರು. ಬ್ರಿಟಿಷ್ ಇಂಡಿಯಕ್ಕೂ ಅದೇ ಭಾಗ್ಯ ದೊರೆಯಲೆಂದು ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಸೂದೆಯನ್ನು ಮಂಡಿಸಿದರು. 1912ರಲ್ಲಿ ಅದು ಬಿದ್ದುಹೋಯಿತು. ಅಂದಿನಿಂದ ಮೂಲಭೂತ ಹಕ್ಕಿನವರೆಗೆ ನಡೆದು ಬರಲು ದೇಶಕ್ಕೆ ಸುಮಾರು ತೊಂಬತ್ತು ವರ್ಷಗಳು ಹಿಡಿದವು. ಕೂಲಿಯವನ ಮಗನಿಗೂ ಒಕ್ಕಲಿನವನ ಮಗಳಿಗೂ ಅಕ್ಷರವನ್ನು ಮುಟ್ಟಿಸಿದ ಈ ಕಟ್ಟಳೆಗೆ ಎಲ್ಲಿಯೂ ಬಿರುಕು ಬಿಡಬಾರದು. ಆದರೆ ಕಡ್ಡಾಯವಾಗಿರಬೇಕಾದುದು ವಿದ್ಯೆಯೇ ಹೊರತು ಕಟ್ಟಡವಲ್ಲವೆಂಬ ವಿವೇಕ ನಮ್ಮ ಹಿಂದಿನ ಶಾಸನಕರ್ತರಿಗೂ ಇತ್ತು. 1960ರ ದೆಹಲಿಯ ಪ್ರಾಥಮಿಕ ಶಿಕ್ಷಣ ಕಾಯಿದೆಯಲ್ಲಿ, ಮಗುವು ಬೇರೆ ರೀತಿಯಲ್ಲಿ ತೃಪ್ತಿಕರವಾದ ಶಿಕ್ಷಣವನ್ನು ಪಡೆಯುತ್ತಿರುವುದು ಶಾಲೆಗೆ ಬಾರದಿರುವುದಕ್ಕೆ ನ್ಯಾಯವಾದ ಕಾರಣವೆಂದು ಒಪ್ಪಲಾಗಿತ್ತು.

ಗೃಹಶಿಕ್ಷಣದ ಪಕ್ಷದವರು ಗಮನಿಸಬೇಕಾದ ಮತ್ತೊಂದು ಮುಖವೂ ಇದೆ. ಮಹಾತ್ಮಾ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ ತಮ್ಮ ಗಂಡುಮಕ್ಕಳನ್ನು ಅಲ್ಲಿಯ ಶಾಲೆಗಳಿಗೆ ಕಳುಹಿಸದೆ ಮನೆಯಲ್ಲೇ ಕಲಿಸಲು ಯತ್ನಿಸಿದರು. ಮಕ್ಕಳಿಗೆ ಬೇಕಾದಷ್ಟು ಕಾಲವನ್ನು ತಾವು ಕೊಡಲಾಗಲಿಲ್ಲವೆಂದೂ, ಶಾಲೆಯ ವಿದ್ಯೆ ದೊರೆಯಲಿಲ್ಲವೆಂಬ ಕೊರಗು ಮಕ್ಕಳಲ್ಲಿ ಉಳಿಯಿತೆಂದೂ ಅವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮಹಾತ್ಮರ ಮನೆಯಲ್ಲೇ ಹೀಗಾದ ಮೇಲೆ ಸಾಮಾನ್ಯ ಗೃಹಸ್ಥರ ಪಾಡೇನು? ಬರಿಯ ಸಂಕಲ್ಪದಿಂದ ವಿದ್ಯೆ ಬಾರದು. ಕಾಲ ಬೇಕು, ಗ್ರಂಥ ಬೇಕು, ತಿಳಿದವರ ನೆರವು ಬೇಕು, ಜೊತೆಗಾರರು ಬೇಕು.

ಇದಕ್ಕಿಂತಲೂ ಭಯಂಕರವಾದ ಅಪಾಯ ಇನ್ನೊಂದಿದೆ. ಗೃಹಶಿಕ್ಷಣವೆಂಬ ಹೆಸರಿನ ಮರೆಯಲ್ಲಿ ಹೆಣ್ಣುಮಗುವನ್ನು ಶಾಲೆಯಿಂದ ಬಿಡಿಸಿ ಒಲೆಯ ಮುಂದೆ ಕೂರಿಸುವವರು ಇರಲಾರರೆಂದು ಯಾರು ಹೇಳಬಲ್ಲರು? 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು 14 ವರ್ಷದೊಳಗಿನ ಮಗು ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯ ಕಾಲದಲ್ಲಿ ತನ್ನ ಕುಟುಂಬದ ಕಸುಬಿಗೆ ಕೈಗೂಡಿಸಬಹುದೆಂದು ಹೇಳುತ್ತದೆ. ಶಾಲೆಯೇ ಇಲ್ಲದ ಮಗುವಿಗೆ ಶಾಲೆಯ ವೇಳೆ ಯಾವುದು? ರಜೆ ಯಾವುದು? ಮಗ್ಗದ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ದಿನವೆಲ್ಲ ದುಡಿಯುವ ಮಗುವನ್ನು ತೋರಿಸಿ "ನಮ್ಮಲ್ಲಿ ಗೃಹಶಿಕ್ಷಣ ನಡೆದಿದೆ" ಎಂದರೆ ತಡೆಯುವವರಾರು? ಆದಕಾರಣ ಸರಕಾರದ ಮೌನವು ಪ್ರಾಮಾಣಿಕರಿಗೆ ಭಯವನ್ನೂ ಅಪ್ರಾಮಾಣಿಕರಿಗೆ ಸೌಕರ್ಯವನ್ನೂ ಉಂಟುಮಾಡುತ್ತದೆಂದು ನಾವು ಹೇಳಬೇಕಾಗಿದೆ.

ಪರದೇಶಗಳ ಅನುಭವವನ್ನೂ ನೋಡಬಹುದು. ಜರ್ಮನಿಯಲ್ಲಿ ಗೃಹಶಿಕ್ಷಣಕ್ಕೆ ಸಾಮಾನ್ಯವಾಗಿ ಎಡೆಯೇ ಇಲ್ಲ. 2006ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಆ ನಿಲುವಿನಲ್ಲಿ ಕೈಹಾಕಲಿಲ್ಲ. ಅಮೇರಿಕದಲ್ಲಾದರೋ ಎಲ್ಲ 50 ರಾಜ್ಯಗಳಲ್ಲಿಯೂ ಅದು ಕಾಯಿದೆಗೆ ಸಮ್ಮತವಾಗಿದೆ. ಆದರೆ ಒಂದೊಂದು ರಾಜ್ಯದ ನಿಯಮ ಒಂದೊಂದು ರೀತಿ. ಟೆಕ್ಸಸಿನಲ್ಲಿ ಸರಕಾರಕ್ಕೆ ತಿಳಿಸುವ ಅಗತ್ಯವೂ ಇಲ್ಲ. ನ್ಯೂಯಾರ್ಕಿನಲ್ಲಿ ಪಾಠಗಳ ಯೋಜನೆಯನ್ನೂ ಮೂರು ತಿಂಗಳಿಗೊಮ್ಮೆ ವರದಿಯನ್ನೂ ಒಪ್ಪಿಸಬೇಕು. ನಮ್ಮ ಮನಸ್ಸನ್ನು ಸೆಳೆದುದು ಅಯೋವಾ ರಾಜ್ಯದ ಪದ್ಧತಿ. ಅಲ್ಲಿ ಸ್ಥಳೀಯ ಶಾಲಾ ಮಂಡಲಿಯು ಇಚ್ಛಿಸಿದರೆ ಗೃಹಶಿಕ್ಷಣಕ್ಕೆ ನೆರವು ನೀಡುವ ಶಾಖೆಯನ್ನು ತೆರೆಯಬಹುದು. ಅರ್ಹತೆ ಪಡೆದ ಉಪಾಧ್ಯಾಯರು ಕುಟುಂಬಗಳನ್ನು ಕಂಡು ಸಲಹೆ ಕೊಡುತ್ತಾರೆ. ಮಗು ಮನೆಯಲ್ಲಿ ಕಲಿಯುತ್ತಲೇ ಶಾಲೆಯ ಕೆಲವು ತರಗತಿಗಳಿಗೂ ಆಟಗಳಿಗೂ ಸೇರಬಹುದು. ಪರರ ಪದ್ಧತಿಯನ್ನು ಹಾಗೆಯೇ ತಂದು ನೆಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ನಿಷೇಧಕ್ಕೂ ನಿರ್ಲಕ್ಷ್ಯಕ್ಕೂ ನಡುವೆ ಸಹಾಯದ ದಾರಿಯೊಂದಿದೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲಿ ಆ ದಾರಿಯನ್ನು ತೆರೆಯಲು ಹೊಸ ಖಜಾನೆ ಬೇಕಾಗಿಲ್ಲ. ಮೊದಲನೆಯದಾಗಿ, ತನ್ನ ಎಲ್ಲೆಯೊಳಗಿನ 14 ವರ್ಷದವರೆಗಿನ ಮಕ್ಕಳ ದಾಖಲೆಯನ್ನಿಡುವುದು ಕಾಯಿದೆಯ 9ನೆಯ ಕಲಮಿನಂತೆ ಸ್ಥಳೀಯ ಸಂಸ್ಥೆಯ ಕರ್ತವ್ಯ. ಆ ದಾಖಲೆಯಲ್ಲಿ ಮನೆಯಲ್ಲಿ ಕಲಿಯುವ ಮಕ್ಕಳಿಗೆ ಪ್ರತ್ಯೇಕ ಅಂಕಣವಿರಲಿ. ತಾಯಿತಂದೆಗಳು ವರ್ಷಕ್ಕೊಮ್ಮೆ ಬರೆದುಕೊಡಲಿ; ಪಂಚಾಯತಿಯೋ ಪುರಸಭೆಯೋ ಅವರಿಗೆ ರಶೀದಿಯನ್ನು ಕೊಡಲಿ. ಎರಡನೆಯದಾಗಿ, ನೆರೆಹೊರೆಯ ಸರಕಾರಿ ಶಾಲೆಯ ಪುಸ್ತಕ ಭಂಡಾರ, ಪ್ರಯೋಗಶಾಲೆ, ಆಟದ ಬಯಲುಗಳು ಗೊತ್ತಾದ ದಿನಗಳಲ್ಲಿ ಈ ಮಕ್ಕಳಿಗೂ ತೆರೆದಿರಲಿ. 2020ರಲ್ಲಿ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಗ್ರಾಮಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತಿದೆ. ಅದು ಇಂಥ ಮಕ್ಕಳಿಗೆ ಮೊದಲ ಮೆಟ್ಟಿಲಾಗಬಲ್ಲುದು. ಮೂರನೆಯದಾಗಿ, ಆರು ತಿಂಗಳಿಗೊಮ್ಮೆ ಅನುಭವಸ್ಥ ಉಪಾಧ್ಯಾಯರೊಬ್ಬರು ಮಗುವನ್ನು ಕಂಡು ಮಾತನಾಡಿಸಲಿ. ಅದು ಪರೀಕ್ಷೆಯ ಭೀತಿಯಾಗದಿರಲಿ. ಆದರೆ ಮಗು ಓದುತ್ತಿದೆಯೇ, ಸುಖವಾಗಿದೆಯೇ, ತಾನೇ ಶಾಲೆಗೆ ಹೋಗಬೇಕೆಂದು ಬಯಸುತ್ತಿದೆಯೇ ಎಂಬುದನ್ನು ಮಗುವಿನ ಬಾಯಿಂದಲೇ ಕೇಳುವ ಅವಕಾಶವಾಗಲಿ. ಒಲೆಯ ಮುಂದೆ ಕೂತ ಹುಡುಗಿಯನ್ನು ಗುರುತಿಸುವ ಉಪಾಯವೂ ಇದೇ.

ರಾಜ್ಯ ಸರಕಾರದ ಕೆಲಸ ಇನ್ನೆರಡಿವೆ. ಶಾಲೆಗೆ ಸೇರದ ಮಗು ಯಾವಾಗ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು 4ನೆಯ ಕಲಮು ಹೇಳುತ್ತದೆ. ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶವನ್ನು ನಿರಾಕರಿಸಕೂಡದೆಂದು 14ನೆಯ ಕಲಮು ಹೇಳುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡನೆಂಬಂತೆ ಈ ವರಗಳು ಶಾಲೆಯ ಬಾಗಿಲಲ್ಲಿ ತಡೆಯಲ್ಪಡಬಾರದು. ಮನೆಯಿಂದ ಶಾಲೆಗೆ ಮರಳುವ ದಾರಿ ಸುಗಮವಾಗಿದ್ದರೆ ಅರ್ಧ ಭಯ ಅಲ್ಲಿಯೇ ತೀರಿತು. ಎರಡನೆಯದು ಪರೀಕ್ಷೆಯ ವಿಚಾರ. 1989ರಲ್ಲಿ ಸ್ಥಾಪಿತವಾಗಿ ಈಗ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯೆಂದು ಹೆಸರು ಪಡೆದಿರುವ ಸಂಸ್ಥೆಯ ಮೂಲಕ, 14 ವರ್ಷ ತುಂಬಿದವರು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕೂರಬಹುದು. ಐದು ವರ್ಷಗಳಲ್ಲಿ ಒಂಬತ್ತು ಸಲ ಪ್ರಯತ್ನಿಸಲು ಅವಕಾಶವಿದೆ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಗೂ ಖಾಸಗಿ ಅಭ್ಯರ್ಥಿಗಳಾಗಿ ಕೂರುವ ಮಾರ್ಗವಿದೆ. ಮುಕ್ತ ಶಾಲೆಯಲ್ಲಿ ಓದಿದವರನ್ನು ವೈದ್ಯಕೀಯ ಪ್ರವೇಶದಿಂದ ಹೊರಗಿಡುವ ನಿಯಮವನ್ನು ದೆಹಲಿ ಉಚ್ಚ ನ್ಯಾಯಾಲಯವು 2018ರಲ್ಲಿ ರದ್ದುಮಾಡಿತು. ಈ ಸಂಗತಿಗಳನ್ನೆಲ್ಲ ಅಚ್ಚಗನ್ನಡದಲ್ಲಿ ಒಂದು ಸಣ್ಣ ಕೈಪಿಡಿಯಾಗಿ ಮುದ್ರಿಸಿ ಪ್ರತಿಯೊಂದು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಇಟ್ಟರೆ ಎಷ್ಟೋ ಕುಟುಂಬಗಳ ಅಲೆದಾಟ ತಪ್ಪುವುದು.

ಕನ್ನಡದ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಗೃಹಶಿಕ್ಷಣಕ್ಕೆ ಬೇಕಾದ ಗ್ರಂಥ, ಪಾಠ, ಸಲಹೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ದೊರೆಯುತ್ತಿವೆ. ಹೀಗೇ ಮುಂದುವರಿದರೆ ಇಂಗ್ಲಿಷ್ ಬಲ್ಲ ಸಿರಿವಂತರಿಗೆ ಮಾತ್ರ ಈ ಮಾರ್ಗ ಮೀಸಲಾಗಿ, ಮನೆಯಲ್ಲಿ ಕಲಿಯುವ ಮಗು ಮನೆಯ ಮಾತನ್ನೇ ಕಳೆದುಕೊಂಡೀತು. ಶಿವರಾಮ ಕಾರಂತರು ಒಬ್ಬರೇ ನಿಂತು ಮಕ್ಕಳಿಗಾಗಿ "ಬಾಲಪ್ರಪಂಚ"ವನ್ನು ಕನ್ನಡದಲ್ಲಿ ಹೊರತಂದ ನಾಡು ಇದು. ಅಷ್ಟು ದೊಡ್ಡ ಇಲಾಖೆಗೆ ಅದು ಅಸಾಧ್ಯವೇ?

ಸರಕಾರಿ ಶಾಲೆಗಳಿಗೇ ಉಪಾಧ್ಯಾಯರು ಸಾಲದಿರುವಾಗ ಈ ಹೊಸ ಹೊರೆ ಏಕೆಂದು ಅಧಿಕಾರಿಗಳು ಕೇಳಬಹುದು. ನಾವು ಕೇಳುತ್ತಿರುವುದು ಹಣವನ್ನಲ್ಲ. ಒಂದು ಅಂಕಣ, ಒಂದು ರಶೀದಿ, ತೆರೆದ ಪುಸ್ತಕ ಭಂಡಾರ, ವರ್ಷಕ್ಕೆ ಎರಡು ಭೇಟಿ. ಸರಕಾರ ಕೈಯಿಟ್ಟರೆ ನಮ್ಮ ಸ್ವಾತಂತ್ರ್ಯ ಹೋದೀತೆಂದು ತಾಯಿತಂದೆಗಳು ಅಂಜಬಹುದು. ಮಗು ತಮ್ಮದೇ ಆದರೂ ಅದರ ವಿದ್ಯೆಯ ಹಕ್ಕು ಮಗುವಿನದೆಂಬುದನ್ನು ಅವರು ನೆನೆಯಲಿ. ಪ್ರಾಮಾಣಿಕವಾಗಿ ಕಲಿಸುವವರು ಕಾಣಿಸಿಕೊಳ್ಳಲು ಹಿಂಜರಿಯಬೇಕಾದುದಿಲ್ಲ.

ಮುಂದಿನ ಶಾಲಾ ವರ್ಷ ಆರಂಭವಾಗುವುದರೊಳಗಾಗಿ ವಿದ್ಯಾ ಇಲಾಖೆಯವರು ಈ ವಿಷಯವಾಗಿ ಒಂದು ಸುತ್ತೋಲೆಯನ್ನು ಹೊರಡಿಸುವರೆಂದು ಹಾರೈಸುತ್ತೇವೆ. ಅದು ತಡವಾದರೂ ಯಾವುದಾದರೊಂದು ಪುರಸಭೆ, ಯಾವುದಾದರೊಂದು ತಾಲ್ಲೂಕಿನ ಶಿಕ್ಷಣಾಧಿಕಾರಿ ತಮ್ಮ ಎಲ್ಲೆಯಲ್ಲಿ ದಾಖಲೆಯ ಕೆಲಸವನ್ನು ಇಂದೇ ಆರಂಭಿಸಲು ಅಡ್ಡಿಯೇನೂ ಇಲ್ಲ. ನಮ್ಮ ಪುರಸಭಾ ಸದಸ್ಯರು ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಎತ್ತಬೇಕೆಂದು ಒತ್ತಿ ಪ್ರಾರ್ಥಿಸುತ್ತೇವೆ.